ನಿಕ್ಕೋ ಬೆಟ್ಟದ ತೋಶೋಗೂ: ದೇವರಾದ ದೊರೆ ಮತ್ತು ಅವನ ಜಮಾಖರ್ಚು

ಜಪಾನಿಗರಲ್ಲಿ ಒಂದು ಗಾದೆ ಉಂಟು: "ನಿಕ್ಕೋ ನೋಡದೆ ಕೆಕ್ಕೋ ಅನ್ನಬೇಡ." ಕೆಕ್ಕೋ ಅಂದರೆ ಬಲು ಚಂದ, ಭೇಷ್, ಇನ್ನು ಇದಕ್ಕಿಂತ ಬೇಡ ಎಂಬ ಅರ್ಥ. ನಿಕ್ಕೋ ಎಂಬುದು ಟೋಕಿಯೋ ನಗರದ ಉತ್ತರಕ್ಕೆ ತೊಚಿಗಿ ಪ್ರಾಂತದಲ್ಲಿರುವ ಒಂದು ಬೆಟ್ಟದೂರು. ಅಲ್ಲಿ ತೋಶೋಗೂ ಎಂಬ ಶಿಂತೋ ಮಂದಿರ ಉಂಟು. ಕಳೆದ ಮೇ ತಿಂಗಳ ರಜೆಯಲ್ಲಿ ಆ ಮಂದಿರವನ್ನು ನೋಡುವ ಯೋಗ ನನಗೆ ಒದಗಿತು. ನನ್ನ ಸೋದರಮಾವ ಟೋಕಿಯೋದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ, ಟಿಕೆಟಿನ ದುಡ್ಡೂ ಅವರದ್ದೇ. ಬಂದ ಮೇಲೆ ನಮ್ಮ ಸಾಹಿತ್ಯ ಮಂಡಲದ ಮಿತ್ರರು "ಏನೆಲ್ಲ ನೋಡಿದಿ, ಬರೆದು ಕೊಡು" ಎಂದು ಬೆನ್ನು ಹತ್ತಿದರು. ಆದ್ದರಿಂದ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಏಳನೆಯ ಇಯತ್ತೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತು, ಈಗ ಮುಂಬಯಿಯ ಕಾಲೇಜಿನಲ್ಲಿ ಡೆಬಿಟ್ಟು-ಕ್ರೆಡಿಟ್ಟು ಓದುತ್ತಿರುವವ. ಶಿಲ್ಪಶಾಸ್ತ್ರ ನನಗೆ ಬಾರದು. ದೇವಸ್ಥಾನಕ್ಕೆ ಹೋದರೂ, ಇದಕ್ಕೆ ಖರ್ಚು ಎಷ್ಟು ಬಿತ್ತು, ಕೊಟ್ಟವರು ಯಾರು, ಈಗ ನಡೆಸುವವರು ಯಾರು ಎಂದೇ ತಲೆ ಓಡುತ್ತದೆ. ತೋಶೋಗೂವಿನ ಮಟ್ಟಿಗೆ ಈ ಕೆಟ್ಟ ಅಭ್ಯಾಸ ಒಳ್ಳೆಯದೇ ಆಯಿತು. ಯಾಕೆಂದರೆ ಆ ಮಂದಿರದ ಕತೆಯೇ ಒಂದು ದೊಡ್ಡ ಜಮಾಖರ್ಚಿನ ಕತೆ.

ಶಿಂತೋ ಅಂದರೆ ಏನು?

ಶಿಂತೋ ಜಪಾನಿನ ಹಳೆಯ ಧರ್ಮ. ಇದಕ್ಕೆ ಸ್ಥಾಪಕರಿಲ್ಲ, ಇದೊಂದೇ ಪ್ರಮಾಣ ಎನ್ನುವ ಧರ್ಮಗ್ರಂಥವೂ ಇಲ್ಲ. ಅವರು ಪೂಜಿಸುವುದು 'ಕಾಮಿ'ಗಳನ್ನು. ಕಾಮಿ ಎಂದರೆ ನಮ್ಮ ಕಡೆಯ ದೈವ ಎಂಬ ಮಾತಿಗೆ ಹತ್ತಿರ. ಒಂದು ಬೆಟ್ಟ ಕಾಮಿ ಆಗಬಹುದು, ಒಂದು ಜಲಪಾತ, ಒಂದು ಹಳೆಯ ಮರ ಆಗಬಹುದು. ಅಸಾಮಾನ್ಯನಾದ ಮನುಷ್ಯ ಸತ್ತ ಮೇಲೆ ಅವನೂ ಕಾಮಿ ಆಗಬಹುದು. ಊರಿನಲ್ಲಿ ಗರಡಿ ನೋಡಿದ ತುಳುನಾಡಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟಿ-ಚೆನ್ನಯರು ಮನುಷ್ಯರಾಗಿ ಹುಟ್ಟಿ, ಹೋರಾಡಿ ಸತ್ತು, ಆಮೇಲೆ ದೈವಗಳಾಗಿ ನಂಬಿಸಿಕೊಂಡವರಲ್ಲವೆ?

ಮಂದಿರದ ಮುಂದೆ 'ತೋರಿಇ' ಎಂಬ ಬಾಗಿಲಿಲ್ಲದ ಕಮಾನು ಇರುತ್ತದೆ. ಎರಡು ಕಂಬ, ಮೇಲೆ ಎರಡು ಅಡ್ಡಪಟ್ಟಿ. ಅದನ್ನು ದಾಟಿದರೆ ಕಾಮಿಯ ಸೀಮೆ. ಮುಂದೆ ನೀರಿನ ತೊಟ್ಟಿ ಇರುತ್ತದೆ. ಮರದ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಬಾಯಿ ಮುಕ್ಕಳಿಸಿ ಮುಂದೆ ಹೋಗಬೇಕು. ಕಾಮಿಯ ಎದುರು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಒಂದು ಸಲ ಬಾಗಬೇಕು. ನಮ್ಮಲ್ಲಿಯ ಹಾಗೆ ಮೂರ್ತಿಯ ದರ್ಶನ, ಮಂಗಳಾರತಿ ಇಲ್ಲ. ಒಳಗೆ ಕಾಮಿಯ ಸಂಕೇತವಾಗಿ, ಸಾಮಾನ್ಯವಾಗಿ ಒಂದು ಕನ್ನಡಿ, ಮುಚ್ಚಿಟ್ಟಿರುತ್ತಾರೆ. ಭಕ್ತರಿಗೆ ಅದು ಕಾಣಿಸುವುದಿಲ್ಲ.

ಮೊದಲು ಬೆಟ್ಟ, ಆಮೇಲೆ ದೊರೆ

ಟೋಕಿಯೋದ ಅಸಾಕುಸಾ ಸ್ಟೇಶನ್ನಿನಿಂದ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಸುಮಾರು ಎರಡು ತಾಸು. ಮೊದಲು ಮನೆಗಳು, ಆಮೇಲೆ ನೀರು ನಿಂತ ಗದ್ದೆಗಳು, ಕೊನೆಗೆ ಕಪ್ಪು ಹಸುರಿನ ಬೆಟ್ಟಗಳು. ಸ್ಟೇಶನ್ನಿನಿಂದ ಏರುಬೀದಿಯಲ್ಲಿ ನಡೆದರೆ ದಾಯ್ಯಾ ಹೊಳೆ, ಅದರ ಮೇಲೆ 28 ಮೀಟರ್ ಉದ್ದದ ಕೆಂಪು ಸೇತುವೆ. ಅದರ ಹೆಸರು ಶಿಂಕ್ಯೋ, ಅಂದರೆ ದೇವಸೇತುವೆ. ಮೇ ತಿಂಗಳಲ್ಲಿ ನಾವು ಇಲ್ಲಿ ಬೆವರಿನಲ್ಲಿ ಮೀಯುತ್ತೇವಲ್ಲ, ಅಲ್ಲಿ ನಾನು ಸ್ವೆಟರ್ ಹಾಕಿದ್ದೆ.

ಈ ಜಾಗ ದೊರೆ ಬರುವ ಎಷ್ಟೋ ಮೊದಲೇ ಪವಿತ್ರವಾಗಿತ್ತು. ಊರಿನ ಹಿಂದೆ ನಂತಾಯ್ ಎಂಬ 2486 ಮೀಟರ್ ಎತ್ತರದ ಪರ್ವತ ಉಂಟು. ಶೋದೋ ಎಂಬ ಬೌದ್ಧ ಭಿಕ್ಷು 766ರಲ್ಲಿ ಇಲ್ಲಿಗೆ ಬಂದು ಮಠ ಕಟ್ಟಿದ, ಹಲವು ಸಲ ಪ್ರಯತ್ನಪಟ್ಟು 782ರಲ್ಲಿ ಪರ್ವತದ ತುದಿ ಮುಟ್ಟಿದ ಎಂದು ಹೇಳುತ್ತಾರೆ. ಆ ಪರ್ವತವೇ ಕಾಮಿಯಾಗಿರುವ ಮಂದಿರದ ಹೆಸರು ಫುತಾರಸಾನ್. ಬೌದ್ಧ ಮಠದ ಈಗಿನ ಹೆಸರು ರಿನ್ನೋಜಿ. 'ಫುತಾರ' ಎಂದು ಬರೆಯುವ ಎರಡು ಅಕ್ಷರಗಳನ್ನೇ ಇನ್ನೊಂದು ರೀತಿ ಓದಿದರೆ 'ನಿಕೋ' ಆಗುತ್ತದೆ. ಅದಕ್ಕೆ 'ಸೂರ್ಯನ ಬೆಳಕು' ಎಂಬ ಅರ್ಥದ ಬೇರೆ ಅಕ್ಷರ ಹಾಕಿ 'ನಿಕ್ಕೋ' ಆಯಿತು ಎಂದು ಊರಿನ ಹೆಸರಿಗೆ ವಿವರಣೆ ಕೊಡುತ್ತಾರೆ. ಪರ್ವತಕ್ಕೆ ಹೆಂಗಸರು ಹೋಗಬಾರದೆಂಬ ನಿಷೇಧ ಸಾವಿರ ವರ್ಷ ನಡೆದು, 1872ರಲ್ಲಿ ಸರಕಾರದ ಆಜ್ಞೆಯಿಂದ ನಿಂತಿತು.

ಇಲ್ಲಿ ಶಿಂತೋ ಎಲ್ಲಿ ಮುಗಿಯುತ್ತದೆ, ಬೌದ್ಧ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ, ಸಾವಿರ ವರ್ಷ ಆ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ಒಂದೇ ಬೆಟ್ಟದಲ್ಲಿ ಎರಡೂ ಒಟ್ಟಿಗೆ ಇದ್ದವು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೊರೆ ದೇವರಾದದ್ದು ಹೇಗೆ?

ಜಪಾನಿನಲ್ಲಿ ಚಕ್ರವರ್ತಿ ಬೇರೆ, ಆಳುವವ ಬೇರೆ ಎಂಬ ಕಾಲ ಬಹಳ ದಿನ ಇತ್ತು. ಆಳುವ ಸೇನಾಧಿಪತಿಗೆ ಶೋಗುನ್ ಎಂದು ಹೆಸರು. ನೂರು ವರ್ಷಕ್ಕೂ ಮಿಕ್ಕಿದ ಒಳಜಗಳದ ನಂತರ ದೇಶವನ್ನು ಒಂದು ಹಿಡಿತಕ್ಕೆ ತಂದು 1603ರಲ್ಲಿ ಶೋಗುನ್ ಆದವನು ತೊಕುಗಾವಾ ಇಯೆಯಾಸು. ಅವನ ವಂಶ 1867ರವರೆಗೆ ಆಳಿತು. ಆ ರಾಜಧಾನಿ ಎದೋ, ಅಂದರೆ ಇಂದಿನ ಟೋಕಿಯೋ.

ಇಯೆಯಾಸು 1616ರಲ್ಲಿ ತೀರಿಕೊಂಡ. ಸಾಯುವ ಮೊದಲು ಅವನು ಹೇಳಿದ್ದು ಇಷ್ಟು: ದೇಹವನ್ನು ಕುನೋ ಬೆಟ್ಟದಲ್ಲಿ ಇಡಿ, ಒಂದು ವರ್ಷ ಕಳೆದ ಮೇಲೆ ನಿಕ್ಕೋದಲ್ಲಿ ಒಂದು ಸಣ್ಣ ಗುಡಿ ಕಟ್ಟಿ ನನ್ನನ್ನು ಅಲ್ಲಿ ಕರೆಯಿರಿ, ನಾನು ಪೂರ್ವದ ಎಂಟು ಪ್ರಾಂತಗಳನ್ನು ಕಾಯುತ್ತೇನೆ. ಸಣ್ಣ ಗುಡಿ! ಈ ಮಾತನ್ನೂ ನೆನಪಿನಲ್ಲಿಡಿ.

ಈಗ ಪ್ರಶ್ನೆ ಎದ್ದಿತು. ಇವನನ್ನು ಯಾವ ಹೆಸರಿನ ದೇವರನ್ನಾಗಿ ಮಾಡುವುದು? ಒಂದು ಪಕ್ಷದವರು 'ಮ್ಯೋಜಿನ್' ಎಂಬ ಬಿರುದು ಇರಲಿ ಎಂದರು. ತೆಂಕಾಯ್ ಎಂಬ ಮುದಿ ಭಿಕ್ಷು ಅದನ್ನು ಒಪ್ಪಲಿಲ್ಲ, 'ಗೊಂಗೆನ್' ಎಂಬುದೇ ಸರಿ ಎಂದ. ಅವನ ವಾದ ಬಹಳ ಮಜವಾದದ್ದು. ಇಯೆಯಾಸುವಿನ ಮೊದಲು ಜಪಾನನ್ನು ಗೆದ್ದವ ತೊಯೊತೊಮಿ ಹಿದೆಯೋಶಿ. ಅವನು 1598ರಲ್ಲಿ ಸತ್ತ ಮೇಲೆ ಅವನನ್ನು 'ಮ್ಯೋಜಿನ್' ಎಂದೇ ದೇವರು ಮಾಡಿದ್ದರು. ಆಮೇಲೆ ಏನಾಯಿತು? 1615ರಲ್ಲಿ ಒಸಾಕಾ ಕೋಟೆ ಬಿದ್ದು ಅವನ ವಂಶವೇ ನಾಶವಾಯಿತು. ನಾಶ ಮಾಡಿದವನು ಇದೇ ಇಯೆಯಾಸು! ದೇವರಾಗಿದ್ದ ಹಿದೆಯೋಶಿಯ ಬಿರುದನ್ನೂ ಕಿತ್ತುಹಾಕಿಸಿದ್ದ. ಅಂಥ ಅಪಶಕುನದ ಹೆಸರು ನಮ್ಮ ದೊರೆಗೆ ಬೇಡ ಎಂದು ತೆಂಕಾಯ್ ಹೇಳಿದ. ಅವನೇ ಗೆದ್ದ. ಇಯೆಯಾಸು 'ತೋಶೋ ದಾಯ್‌ಗೊಂಗೆನ್' ಆಗಿ 1617ರಲ್ಲಿ ನಿಕ್ಕೋಗೆ ಬಂದ. ತೋಶೋ ಎಂದರೆ ಪೂರ್ವದಲ್ಲಿ ಬೆಳಗುವವ.

ಗೊಂಗೆನ್ ಎಂದರೆ ತಾತ್ಕಾಲಿಕವಾಗಿ ತಾಳಿದ ರೂಪ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವತಾರ. ಯಾರ ಅವತಾರ? ಬುದ್ಧನ ಒಂದು ರೂಪವಾದ 'ಯಾಕುಶಿ'ಯ ಅವತಾರ. ಯಾಕುಶಿ ಎಂದರೆ ಸಂಸ್ಕೃತದಲ್ಲಿ ಭೈಷಜ್ಯಗುರು, ಔಷಧ ಕೊಡುವ ಬುದ್ಧ. ನಮ್ಮ ದೇಶದಿಂದ ಹೊರಟ ಬುದ್ಧ ಚೀನಾ, ಕೊರಿಯಾ ದಾಟಿ ಹೋಗಿ, ಜಪಾನಿನ ಬೆಟ್ಟದಲ್ಲಿ ಒಬ್ಬ ಸೇನಾಧಿಪತಿಯಾಗಿ ಅವತಾರ ಎತ್ತಿದ ಎಂದಾಯಿತು.

ಇಲ್ಲಿ ಗರಡಿಗೂ ತೋಶೋಗೂವಿಗೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೋಟಿ-ಚೆನ್ನಯರನ್ನು ದೈವ ಮಾಡಿದವರು ಅವರನ್ನು ನಂಬಿದ ಜನ. ಇಯೆಯಾಸುವನ್ನು ದೇವರು ಮಾಡಿದ್ದು ಅವನ ಸರಕಾರ, ಅದೂ ಚರ್ಚೆ ನಡೆಸಿ. ಅಜ್ಜ ದೇವರಾದರೆ ಮೊಮ್ಮಗನ ಸಿಂಹಾಸನ ಅಲುಗುವುದಿಲ್ಲ ಎಂಬ ಲೆಕ್ಕ ಅದರ ಒಳಗಿತ್ತು.

ಮೊಮ್ಮಗನ ಖರ್ಚು

ಮೊದಲ ಗುಡಿ ದೊಡ್ಡದಿರಲಿಲ್ಲ. ಮೂರನೆಯ ಶೋಗುನ್ ಇಯೆಮಿತ್ಸು ಅಜ್ಜನ ಪರಮಭಕ್ತ. ಅವನು 1634ರ ಕೊನೆಗೆ ಹಿಡಿದು 1636ರ ಏಪ್ರಿಲಿಗೆ, ಬರೇ 17 ತಿಂಗಳಲ್ಲಿ, ಎಲ್ಲವನ್ನೂ ಹೊಸದಾಗಿ ಕಟ್ಟಿಸಿದ. ಇಂದು ನಾವು ನೋಡುವ ಕಟ್ಟಡಗಳಲ್ಲಿ ಹೆಚ್ಚಿನವು ಅವೇ. ಮುಖ್ಯ ಬಡಗಿ ಕೋರಾ ಮುನೆಹಿರೋ.

ಲೆಕ್ಕಪತ್ರ ಉಳಿದಿದೆ, ಮಿತ್ರರೇ! ಕಾಮಗಾರಿ ಮುಗಿದ ಮೇಲೆ ಒಪ್ಪಿಸಿದ ಪಟ್ಟಿಯ ಪ್ರಕಾರ ಖರ್ಚು 5,68,000 ರ್‍ಯೋ ಚಿನ್ನದ ನಾಣ್ಯ, 100 ಕಾನ್ ಬೆಳ್ಳಿ, 1000 ಕೊಕು ಅಕ್ಕಿ. ಒಂದು ಕಾನ್ ಅಂದರೆ ಮುಕ್ಕಾಲು ಕಮ್ಮಿ ನಾಲ್ಕು ಕಿಲೋ ಅಲ್ಲ, 3.75 ಕಿಲೋ; ಅಂದರೆ ಬೆಳ್ಳಿ 375 ಕಿಲೋ. ಒಂದು ಕೊಕು ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವ ಅಕ್ಕಿ, ಸುಮಾರು 150 ಕಿಲೋ. ಕೆಲಸ ಮಾಡಿದ ಆಳುಗಳ ಹಾಜರಿಯನ್ನು ಒಟ್ಟು ಕೂಡಿಸಿದರೆ ಸುಮಾರು 45 ಲಕ್ಷ 40 ಸಾವಿರ ಆಳುದಿನ ಎನ್ನುತ್ತಾರೆ. ನಾನು ರೈಲಿನಲ್ಲೇ ಭಾಗಿಸಿ ನೋಡಿದೆ: 17 ತಿಂಗಳಿಗೆ 510 ದಿನ ಹಿಡಿದರೆ ದಿನಕ್ಕೆ ಸರಾಸರಿ 8,900 ಆಳು. ಬೆಟ್ಟದ ಮೇಲೆ, ಹಿಮ ಬೀಳುವ ಚಳಿಗಾಲವೂ ಸೇರಿ!

ಈ ಖರ್ಚನ್ನು ಸಾಮಂತರ ತಲೆಗೆ ಕಟ್ಟಿದರು ಎಂದು ಬಹಳ ಜನ ನಂಬಿದ್ದರು. ಆದರೆ ಪಟ್ಟಿಯ ಪ್ರಕಾರ ಹಣವೆಲ್ಲ ಹೋದದ್ದು ಶೋಗುನನ ಸ್ವಂತ ಖಜಾನೆಯಿಂದಲೇ. 'ಸಣ್ಣ ಗುಡಿ ಸಾಕು' ಎಂದ ಅಜ್ಜನಿಗೆ ಮೊಮ್ಮಗ ಕಟ್ಟಿಸಿದ್ದು ಇದು.

ಒಳಗೆ ನಡೆದು ನೋಡಿದ್ದು

ಸೇತುವೆ ದಾಟಿ ಮೇಲೆ ಹತ್ತಿದರೆ ದೇವದಾರುವಿನಂಥ ಸುಗಿ ಮರಗಳ ನಡುವೆ ಅಗಲವಾದ ದಾರಿ. ಮೊದಲಿಗೆ ಸಿಗುವುದು ಕಲ್ಲಿನ ತೋರಿಇ. ದಕ್ಷಿಣದ ಕ್ಯೂಶೂ ದ್ವೀಪದ ಸಾಮಂತ ಕುರೋದಾ ನಾಗಮಾಸಾ ತನ್ನ ಸೀಮೆಯ ಕಲ್ಲನ್ನು ಸಮುದ್ರದಲ್ಲಿ ಸಾಗಿಸಿ ತಂದು 1618ರಲ್ಲಿ ನಿಲ್ಲಿಸಿದ್ದು. ಎಡಗಡೆಗೆ ಐದು ಅಂತಸ್ತಿನ ಪಗೋಡ. ಇದು ಮೊದಲು ಕಟ್ಟಿದ್ದು ಸುಟ್ಟುಹೋಗಿ 1818ರಲ್ಲಿ ಮತ್ತೆ ಎದ್ದದ್ದು. ಇದರ ನಡುಗಂಬದಲ್ಲಿ ಒಂದು ವಿಚಿತ್ರ ಉಂಟು: ಅದು ನೆಲದ ಮೇಲೆ ಕೂತಿಲ್ಲ. ನಾಲ್ಕನೆಯ ಅಂತಸ್ತಿನಿಂದ ಸರಪಳಿಯಲ್ಲಿ ನೇತಾಡುತ್ತದೆ, ಬುಡದಲ್ಲಿ ಸುಮಾರು 10 ಸೆಂಟಿಮೀಟರ್ ಖಾಲಿ ಜಾಗ. ಮರ ಒಣಗಿ ಕಟ್ಟಡ ತಗ್ಗಿದಾಗ ಕಂಬ ಮಾಡನ್ನು ಎತ್ತಿ ಒಡೆಯಬಾರದೆಂದು ಈ ಉಪಾಯ. ಭೂಕಂಪಕ್ಕೂ ಒಳ್ಳೆಯದೆಂದು ಹೇಳುತ್ತಾರೆ.

ಟಿಕೆಟ್ ಉಂಟು, ಸಾವಿರ ಯೆನ್ನಿಗೆ ಮೇಲೆ. ಒಳಗೆ ಹೋದ ಕೂಡಲೇ ಎಡಗಡೆ ಬಣ್ಣ ಬಳಿಯದ ಒಂದು ಸಾದಾ ಕಟ್ಟಡ, ದೇವರ ಕುದುರೆಯ ಲಾಯ. ಅದರ ಮುಂದೆ ಜನವೋ ಜನ. ಯಾಕೆಂದರೆ ಅದರ ಮೇಲೆ ಮೂರು ಮಂಗಗಳು! ಹೌದು, ನಮ್ಮ ಶಾಲೆಯ ಗೋಡೆಯ ಮೇಲಿದ್ದ, ಗಾಂಧೀಜಿ ಸಣ್ಣ ಬೊಂಬೆಯಾಗಿ ಹತ್ತಿರ ಇಟ್ಟುಕೊಂಡಿದ್ದ, ಅವೇ ಮೂರು ಮಂಗಗಳು. ಜಗತ್ತಿನಲ್ಲಿ ಅವುಗಳ ಅತಿ ಪ್ರಸಿದ್ಧ ಕೆತ್ತನೆ ಇದೇ. ಜಪಾನಿ ಭಾಷೆಯಲ್ಲಿ ಇದೊಂದು ಶ್ಲೇಷೆ. 'ಮಿಜಾರು, ಕಿಕಜಾರು, ಇವಜಾರು': ನೋಡದೆ, ಕೇಳದೆ, ಆಡದೆ. 'ಜಾರು' ನಿಷೇಧದ ಪ್ರತ್ಯಯ. 'ಸಾರು' ಅಂದರೆ ಮಂಗ. ಕೆಟ್ಟದ್ದನ್ನು ಎಂಬ ಮಾತು ಅದರಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ಆ ಮೂರು ಮಂಗಗಳು ಒಂಟಿ ಚಿತ್ರವಲ್ಲ. ಎಂಟು ಪಟ್ಟಿಕೆಗಳಲ್ಲಿ ಒಟ್ಟು 16 ಮಂಗಗಳು ಉಂಟು. ಸೇರಿಸಿ ನೋಡಿದರೆ ಒಂದು ಬದುಕಿನ ಕತೆ. ಮೊದಲನೆಯದರಲ್ಲಿ ತಾಯಿ ಮಂಗ ಕೈಯನ್ನು ಹುಬ್ಬಿಗೆ ಹಿಡಿದು ಮಗುವಿನ ಮುಂದಿನ ಕಾಲವನ್ನು ನೋಡುತ್ತದೆ. ಎರಡನೆಯದೇ ನಮ್ಮ ಮೂವರು: ಚಿಕ್ಕಂದಿನಲ್ಲಿ ಕೆಟ್ಟದ್ದು ಕಿವಿಗೂ ಕಣ್ಣಿಗೂ ಬೀಳದಿರಲಿ ಎಂದು. ಆಮೇಲೆ ಒಂಟಿಯಾಗಿ ಕೂತ, ಇನ್ನೇನು ಸ್ವಂತ ಕಾಲ ಮೇಲೆ ನಿಲ್ಲಬೇಕಾದ ಮಂಗ. ಆಮೇಲೆ ಆಕಾಶ ನೋಡುವ ಎಳೆ ವಯಸ್ಸು, ಸೋತು ಕೆಳಗೆ ನೋಡುವವನ ಬೆನ್ನು ಸವರುವ ಗೆಳೆಯ, ಪ್ರೀತಿಯ ಚಿಂತೆ, ಸಂಸಾರದ ಅಲೆ, ಕೊನೆಗೆ ಬಸುರಿ ಮಂಗ. ಮುಂದೆ ಅದೇ ತಾಯಿಯಾಗಿ ಮೊದಲ ಪಟ್ಟಿಕೆಗೆ ಬರುತ್ತದೆ. ನಾನು ಹೆಚ್ಚು ಹೊತ್ತು ನಿಂತದ್ದು ಆ ಒಂಟಿ ಮಂಗದ ಎದುರು. ಟಿ.ವೈ. ಪರೀಕ್ಷೆ ಎದುರಿಗಿರುವವರಿಗೆ ಕಾರಣ ಹೇಳಬೇಕಾಗಿಲ್ಲ.

ಅಲ್ಲೇ ಎದುರಿಗೆ ದೇವರ ಉಗ್ರಾಣ. ಅದರ ಮಾಡಿನ ಕೆಳಗೆ ಎರಡು ಆನೆಗಳ ಕೆತ್ತನೆ. ನಕ್ಷೆ ಬರೆದವನು ಕಾನೋ ತನ್‌ಯೂ ಎಂಬ ದೊಡ್ಡ ಚಿತ್ರಕಾರ. ಆದರೆ ಅವನು ಜನ್ಮದಲ್ಲಿ ಆನೆ ನೋಡಿದವನಲ್ಲ! ಕೇಳಿ ತಿಳಿದು ಬರೆದದ್ದು. ಆದ್ದರಿಂದಲೇ ಅವುಗಳಿಗೆ 'ಕಲ್ಪನೆಯ ಆನೆ' ಎಂದು ಹೆಸರು. ಕಿವಿ ಒಂದು ತರಹ, ಬಾಲ ಇನ್ನೊಂದು ತರಹ, ಮೈತುಂಬ ರೋಮ. ನನ್ನ ಮಾಮಿಗೆ ನಗು ತಡೆಯಲಾಗಲಿಲ್ಲ. ಆದರೂ ಹೇಳುತ್ತೇನೆ, ಆನೆಯ ಕಣ್ಣಿನ ಗಾಂಭೀರ್ಯ ಅವನಿಗೆ ಹೇಗೋ ಸಿಕ್ಕಿಬಿಟ್ಟಿದೆ.

ಮೆಟ್ಟಲು ಹತ್ತಿದರೆ ಒಂದು ದೊಡ್ಡ ತಿರುಗುವ ದೀಪಗುಚ್ಛ. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ಕಾಣಿಕೆ. ಅದರ ಮೇಲಿರುವ ತೊಕುಗಾವಾ ವಂಶದ ಮೂರೆಲೆ ಲಾಂಛನ ತಲೆಕೆಳಗಾಗಿದೆ. ಹೇಗೆ ಹಿಡಿಯಬೇಕೆಂದು ಆ ಪರದೇಶಿ ಕೆಲಸಗಾರರಿಗೆ ಗೊತ್ತಿರಲಿಲ್ಲ. ಇದೇ ಕಂಪೆನಿ ಆ ಶತಮಾನದಲ್ಲಿ ನಮ್ಮ ಕೊಂಕಣ ತೀರದ ವೆಂಗುರ್ಲೆಯಲ್ಲಿ ಕೋಠಿ ಇಟ್ಟಿತ್ತು. ಪಾಶ್ಚಾತ್ಯರಲ್ಲಿ ಜಪಾನಿನೊಡನೆ ವ್ಯಾಪಾರಕ್ಕೆ ಆಗ ಅನುಮತಿ ಇದ್ದದ್ದು ಅವರಿಗೆ ಮಾತ್ರ. ಆ ದೀಪವನ್ನು ಭಕ್ತಿ ಖಾತೆಗೆ ಹಾಕಬೇಕೋ ವ್ಯಾಪಾರದ ಖರ್ಚಿಗೆ ಹಾಕಬೇಕೋ, ನೀವೇ ಹೇಳಿ.

ಇನ್ನು ಯೋಮೆಯಿಮೋನ್ ಎಂಬ ಮಹಾದ್ವಾರ. ಇದಕ್ಕೆ 'ಸಂಜೆಯ ತನಕದ ದ್ವಾರ' ಎಂದು ಅಡ್ಡಹೆಸರು. ನೋಡುತ್ತ ನಿಂತರೆ ಕತ್ತಲಾದದ್ದೂ ತಿಳಿಯದು ಎಂದು. ಅದೊಂದರಲ್ಲೇ 508 ಕೆತ್ತನೆಗಳು: ಡ್ರ್ಯಾಗನ್‌ಗಳು, ಚೀನೀ ಋಷಿಗಳು, ಆಡುವ ಮಕ್ಕಳು. ಬಿಳಿ ಕಂಬಗಳು 12. ಅವುಗಳಲ್ಲಿ ಒಂದರ ಸುರುಳಿ ನಮೂನೆ ಮಾತ್ರ ಬೇಕೆಂತಲೇ ತಲೆಕೆಳಗು. ಪೂರ್ತಿ ಮುಗಿದ ಕಟ್ಟಡ ಅಂದಿನಿಂದಲೇ ಹಾಳಾಗತೊಡಗುತ್ತದೆ, ಆದ್ದರಿಂದ ಮುಗಿಯಲಿಲ್ಲ ಎಂದೇ ಇರಲಿ ಎಂಬ ನಂಬಿಕೆ.

ಎಲ್ಲರಿಗೂ ಇದು ಮೆಚ್ಚಿಗೆ ಆಗುವುದಿಲ್ಲ. 1933ರಲ್ಲಿ ಜಪಾನಿಗೆ ಬಂದ ಜರ್ಮನ್ ವಾಸ್ತುಶಿಲ್ಪಿ ಬ್ರೂನೋ ಟಾಟ್ ಇದನ್ನು ಆಡಂಬರವೆಂದು ಜರೆದು, ಇಸೇ ಮಂದಿರದ ಬೋಳು ಮರದ ಸರಳತೆಯೇ ನಿಜವಾದ ಜಪಾನು ಎಂದ. ಇಸೇಯನ್ನು 20 ವರ್ಷಕ್ಕೊಮ್ಮೆ ಕೆಡವಿ ಹೊಸದಾಗಿ ಕಟ್ಟುತ್ತಾರೆ. ನಿಕ್ಕೋವನ್ನು ಕೆಡವುವುದಿಲ್ಲ, ತಲೆಮಾರಿಗೊಮ್ಮೆ ಬಣ್ಣ, ಅರಗು, ಚಿನ್ನ ಹಚ್ಚುತ್ತಾರೆ. ಎರಡೂ ಹಳೆಯದನ್ನು ಹೊಸದಾಗಿ ಇಡುವ ದಾರಿಗಳೇ.

ಬಲಗಡೆಗೆ ಹೋದರೆ ಬಾಗಿಲ ಮೇಲೆ ನಿದ್ದೆ ಮಾಡುವ ಬೆಕ್ಕು. ಅಂಗೈಯಗಲದ ಕೆತ್ತನೆ, ಹಿದಾರಿ ಜಿಂಗೊರೋ ಎಂಬ ಕತೆಗಳಲ್ಲಿ ಬರುವ ಶಿಲ್ಪಿಯದೆಂದು ಹೇಳಿಕೆ. ಹೆಚ್ಚಿನವರು ಬೆಕ್ಕನ್ನು ನೋಡಿ ಮುಂದೆ ಹೋಗುತ್ತಾರೆ. ಹಿಂದೆ ತಿರುಗಿ ನೋಡಬೇಕು: ಅದೇ ಬಾಗಿಲ ಹಿಂಬದಿಯಲ್ಲಿ ಗುಬ್ಬಿಗಳು ಆಡುತ್ತಿವೆ. ಬೆಕ್ಕು ನಿದ್ದೆ ಹೋದರೆ ಗುಬ್ಬಿಗೆ ಭಯವಿಲ್ಲ, ಅದೇ ಶಾಂತಿ ಎಂದು ಅರ್ಥ ಹೇಳುತ್ತಾರೆ. ಅಲ್ಲಿಂದ 207 ಕಲ್ಲಿನ ಮೆಟ್ಟಲು. ಮೇಲೆ ಸುಗಿ ಮರಗಳ ನೆರಳಲ್ಲಿ ಇಯೆಯಾಸುವಿನ ಸಮಾಧಿ. ಕಂಚಿನ ಒಂದು ಸಣ್ಣ ಸ್ತೂಪ, ಅಷ್ಟೇ. ಕೆಳಗಿನ ಚಿನ್ನವೆಲ್ಲ ಮರೆತುಹೋಗುತ್ತದೆ. ಅವನು ಕೇಳಿದ 'ಸಣ್ಣ ಗುಡಿ' ಬಹುಶಃ ಇಲ್ಲಿ ಉಳಿದಿದೆ.

ಭಾರ ಹೊತ್ತವರು

ಶೋಗುನನ ಖಜಾನೆ ಕಟ್ಟಿಸಿತು ನಿಜ. ಆದರೆ ಕಟ್ಟಿದ ಮೇಲೆ ಇನ್ನೂರು ವರ್ಷ ನಡೆಸಬೇಕಲ್ಲ! ದೊಡ್ಡ ಪೂಜೆಗಳಿಗೆ ಎದೋದಿಂದಲೂ ಕ್ಯೋತೋದಿಂದಲೂ ದಿಬ್ಬಣಗಳು ಬರಬೇಕು. ದಾರಿಯ ಹಳ್ಳಿಗಳು ಆಳು, ಕುದುರೆ ಕೊಡಬೇಕು. 1765ಕ್ಕೆ ಇಯೆಯಾಸು ಸತ್ತ 150ನೆಯ ವರ್ಷದ ಪೂಜೆ ಬಂತು. ಕೊರಿಯಾದ ರಾಯಭಾರಿಗಳ ಖರ್ಚೂ ಅದರ ಜೊತೆಗೆ ಸೇರಿತ್ತು. ನಾಕಾಸೆಂದೋ ಎಂಬ ಹೆದ್ದಾರಿಯ ಬದಿಯ ಹಳ್ಳಿಗಳ ಮೇಲೆ ಹೊಸ ಹೊರೆ ಬೀಳುತ್ತದೆಂದು ತಿಳಿದು 1764ರ ಕೊನೆಯಲ್ಲಿ ರೈತರು ಸಾವಿರ ಸಾವಿರವಾಗಿ ಎದ್ದು ಎದೋ ಕಡೆಗೆ ನಡೆದರು. ಸರಕಾರ ಹೊಸ ಹೊರೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಆಮೇಲೆ ಮುಂದಾಳುಗಳನ್ನು ಹಿಡಿದು ಶಿಕ್ಷಿಸಿತು. ಮಂದಿರದ ಕೆತ್ತನೆಗಳಲ್ಲಿ ಇವರ ಚಿತ್ರ ಎಲ್ಲಿಯೂ ಇಲ್ಲ.

ಇನ್ನೊಂದು ಬಗೆಯ ಕಾಣಿಕೆ ಉಂಟು. ಮಾತ್ಸುದಾಇರಾ ಮಾಸಾತ್ಸುನಾ ಎಂಬ ಸಾಮಂತ ಸುಮಾರು 1625ರಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಿಕ್ಕೋಗೆ ಬರುವ ದಾರಿಗಳ ಎರಡೂ ಬದಿಗೆ ಸುಗಿ ಸಸಿ ನೆಡಿಸಿದ. 1648ರಲ್ಲಿ ಅದನ್ನು ಮಂದಿರಕ್ಕೆ ಒಪ್ಪಿಸಿದರು. ಆಗ ನೋಡಿದವರಿಗೆ ಅದು ಬಡಪಾಯಿ ಕಾಣಿಕೆಯಾಗಿ ಕಂಡಿರಬೇಕು. ಇಂದು ಮೂರು ರಸ್ತೆಗಳು ಸೇರಿ 35 ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಸಾಲುಮರ ಜಗತ್ತಿನಲ್ಲೇ ಉದ್ದವಾದದ್ದು ಎಂದು ಗಿನ್ನೆಸ್ ಪುಸ್ತಕ ಸೇರಿದೆ. ಸುಮಾರು 12,000 ಮರಗಳು ಉಳಿದಿವೆ.

ಯಜಮಾನ ಹೋದ ಮೇಲೆ

1868ರಲ್ಲಿ ಶೋಗುನರ ಆಳಿಕೆ ಮುಗಿದು ಚಕ್ರವರ್ತಿಯ ಹೆಸರಿನ ಹೊಸ ಸರಕಾರ ಬಂತು. ಹಳೆಯ ಪಕ್ಷದ ಸೈನಿಕರು ನಿಕ್ಕೋ ಸೇರಿದ್ದರು. ಹೊಸ ಸರಕಾರದ ಸೇನಾನಿ ಇತಾಗಾಕಿ ತಾಯ್‌ಸುಕೆ ಮುತ್ತಿಗೆ ಹಾಕುವ ಮೊದಲು ಹೇಳಿಕಳಿಸಿ, ಅವರು ಬೆಟ್ಟ ಬಿಟ್ಟುಹೋಗುವಂತೆ ಮಾಡಿದ. ಮಂದಿರ ಸುಡದೆ ಉಳಿಯಿತು. ಶಿಂಕ್ಯೋ ಸೇತುವೆಯ ಹತ್ತಿರ ಅವನ ಪ್ರತಿಮೆ ಉಂಟು. ತೊಕುಗಾವಾ ದೇವರ ಬಾಗಿಲಲ್ಲಿ ತೊಕುಗಾವಾ ವೈರಿಗೆ ಸಂದ ಮರ್ಯಾದೆ ಅದು!

ಆದರೆ ಬೆಂಕಿಗಿಂತ ಬೇರೆ ಕುತ್ತು ಬಂತು. ಹೊಸ ಸರಕಾರ ಶಿಂತೋ ಬೇರೆ, ಬೌದ್ಧ ಬೇರೆ ಎಂದು ಅದೇ 1868ರಲ್ಲಿ ಆಜ್ಞೆ ಹೊರಡಿಸಿತು. ದೇಶದಲ್ಲೆಲ್ಲ ಎಷ್ಟೋ ಬೌದ್ಧ ಮೂರ್ತಿಗಳು, ಗುಡಿಗಳು ಒಡೆದುಹೋದವು. ನಿಕ್ಕೋದ ಒಂದೇ ಬೆಟ್ಟವನ್ನು 1871ರಲ್ಲಿ ತೋಶೋಗೂ, ಫುತಾರಸಾನ್, ರಿನ್ನೋಜಿ ಎಂದು ಮೂರು ಪಾಲು ಮಾಡಿದರು. ರಿನ್ನೋಜಿಯ ದೊಡ್ಡ ಬುದ್ಧಮಂದಿರವನ್ನು ಬಿಚ್ಚಿ ಬೇರೆ ಕಡೆ ಕಟ್ಟಬೇಕಾಯಿತು. ತೋಶೋಗೂ ಆವರಣದೊಳಗೆ ಭೈಷಜ್ಯಗುರುವಿನ ಗುಡಿ ಉಳಿದುಕೊಂಡಿತು. ಅದರ ಮಾಳಿಗೆಯ ಡ್ರ್ಯಾಗನ್ ಚಿತ್ರದ ತಲೆಯ ಕೆಳಗೆ ಮರದ ಕೋಲು ತಟ್ಟಿದರೆ ಗಂಟೆಯಂತೆ ಮಾರ್ದನಿ ಬರುತ್ತದೆ. ನಾನೂ ಕೇಳಿದೆ. 1961ರಲ್ಲಿ ಆ ಗುಡಿ ಸುಟ್ಟುಹೋಗಿ 1968ಕ್ಕೆ ಮತ್ತೆ ಕಟ್ಟಿದರು. ಇಂಥ ಕಟ್ಟಡಗಳು ಮಂದಿರದ್ದೋ ಮಠದ್ದೋ ಎಂದು ಎರಡು ಸಂಸ್ಥೆಗಳ ನಡುವೆ ವರ್ಷಗಟ್ಟಲೆ ಕೋರ್ಟು ವ್ಯಾಜ್ಯ ನಡೆಯಿತು. ಸಾವಿರ ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಮ್ಮೆ ಸರಕಾರ ಕೇಳಿತು ನೋಡಿ, ಆಮೇಲೆ ಉತ್ತರ ಮುಗಿಯಲೇ ಇಲ್ಲ.

ದುಡ್ಡು? ಶೋಗುನ್ ಇಲ್ಲ, ಅವನು ಬಿಟ್ಟ ಹಳ್ಳಿಗಳ ಉತ್ಪತ್ತಿಯೂ ಇಲ್ಲ. ಬಣ್ಣ ಉದುರತೊಡಗಿತು. ಆಗ 1879ರಲ್ಲಿ ಸ್ಥಳೀಯರು ಕೂಡಿ 'ಹೋಕೋಕಾಯ್' ಎಂಬ ರಕ್ಷಣಾ ಸಂಘ ಕಟ್ಟಿದರು. ಅಧ್ಯಕ್ಷ ಮಾತ್ಸುದಾಇರಾ ಕಾತಾಮೋರಿ, ಯುದ್ಧದಲ್ಲಿ ತನ್ನ ಸೀಮೆಯನ್ನೇ ಕಳಕೊಂಡಿದ್ದ ಆಯ್‌ಜು ಸಾಮಂತ. ಅವನೇ ಮುಂದೆ ತೋಶೋಗೂವಿನ ಮುಖ್ಯ ಅರ್ಚಕನೂ ಆದ. ಊರೂರಿನಲ್ಲಿ ವಂತಿಗೆ ಎತ್ತಿ ದುರಸ್ತಿ ನಡೆಸಿದರು. 1945ರ ನಂತರ ಸರಕಾರಿ ಶಿಂತೋ ವ್ಯವಸ್ಥೆಯೂ ಹೋಯಿತು; ಧರ್ಮಕ್ಕೆಂದು ಸರಕಾರದ ಹಣ ಕೊಡುವುದನ್ನು ಹೊಸ ಸಂವಿಧಾನ ತಡೆಯುತ್ತದೆ. ಆದರೆ ಹಳೆಯ ಕಟ್ಟಡಗಳನ್ನು ಸಂಸ್ಕೃತಿಯ ಆಸ್ತಿ ಎಂದು ದುರಸ್ತಿ ಮಾಡಲು 1950ರ ಕಾಯಿದೆಯಲ್ಲಿ ಸಹಾಯ ಉಂಟು. ಮೂರೂ ಸಂಸ್ಥೆಗಳ 103 ಕಟ್ಟಡಗಳು 1999ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು, ಒಟ್ಟಾಗಿಯೇ! ಯೋಮೆಯಿಮೋನ್ ದ್ವಾರದ ದುರಸ್ತಿ 2013ರಿಂದ 2017ರವರೆಗೆ ನಡೆಯಿತು. ಸುಮಾರು 2,40,000 ಚಿನ್ನದ ಹಾಳೆ ಹಿಡಿಯಿತು.

ಮೇ 18ರ ಮೆರವಣಿಗೆಯ ದಿನ ನಾವು ಅಲ್ಲಿದ್ದೆವು. ಇಯೆಯಾಸುವನ್ನು ನಿಕ್ಕೋಗೆ ತಂದ ನೆನಪಿಗೆ ಸಾವಿರಕ್ಕೂ ಹೆಚ್ಚು ಜನ ಹಳೆಯ ಸಮುರಾಯ್ ವೇಷದಲ್ಲಿ ಕಲ್ಲುದಾರಿಯಲ್ಲಿ ನಡೆದರು. ವೇಷದೊಳಗಿದ್ದವರು ಸುತ್ತಲಿನ ಊರಿನ ಭಕ್ತರು. ಕೆಲವರು ಹುಲ್ಲಿನ ಮೆಟ್ಟಿನಲ್ಲಿ ಕಾಲು ನೋಯಿಸಿಕೊಂಡು ಕುಂಟುತ್ತಿದ್ದರು, ಮಕ್ಕಳು ಮಂಗನ ಮುಖವಾಡ ಹಾಕಿದ್ದರು. ಮೂರು ಪಲ್ಲಕ್ಕಿಗಳು ಬಂದವು. ಒಂದು ಇಯೆಯಾಸುವಿನದು. ಇನ್ನೊಂದು ಬಹಳ ಹಿಂದಿನ ಶೋಗುನ್ ಮಿನಾಮೊತೋ ಯೊರಿತೊಮೊನದು. ಮೂರನೆಯದು ಯಾರದು ಗೊತ್ತೆ? ಹಿದೆಯೋಶಿಯದು! ಇಯೆಯಾಸು ಯಾರ ವಂಶವನ್ನು ಅಳಿಸಿದನೋ, ಯಾರ ದೈವತ್ವವನ್ನು ಕಿತ್ತನೋ, ಅವನನ್ನು 1873ರಲ್ಲಿ ಹೊಸ ಸರಕಾರ ಅದೇ ಗರ್ಭಗುಡಿಯಲ್ಲಿ ಜೊತೆಗೆ ಕೂರಿಸಿತು. ಒಂದು ಸರಕಾರ ಮಾಡಿದ ದೇವರ ಪಕ್ಕದಲ್ಲಿ ಇನ್ನೊಂದು ಸರಕಾರ ಮಾಡಿದ ದೇವರು. ಆದರೆ ಹೊತ್ತು ನಡೆದವರಿಗೆ ಆ ತಕರಾರು ಇರಲಿಲ್ಲ. ಮೂವರನ್ನೂ ಒಂದೇ ಭಾರದಿಂದ ಹೊತ್ತರು.

ಮರದ ಠೇವಣಿ

ಕೊನೆಗೆ ನಮ್ಮ ಕಾಮರ್ಸ್ ಹುಡುಗರಿಗೆ ಒಂದು ಪಾಠ. ಆ ಸಾಲುಮರಗಳು ಮುದಿಯಾಗಿವೆ, ವಾಹನಗಳ ಹೊಗೆಯಿಂದ, ಬೇರಿನ ಮೇಲಿನ ರಸ್ತೆಯಿಂದ ಸಾಯುತ್ತಿವೆ. 1996ರಲ್ಲಿ ತೊಚಿಗಿ ಪ್ರಾಂತ ಸರಕಾರ ಒಂದು ಯೋಜನೆ ಮಾಡಿತು. ಒಂದು ಮರಕ್ಕೆ ಒಂದು ಕೋಟಿ ಯೆನ್ ಕೊಟ್ಟರೆ ನೀವು ಆ ಮರದ ಒಡೆಯ. ಕಡಿಯುವ ಹಾಗಿಲ್ಲ, ಒಯ್ಯುವ ಹಾಗಿಲ್ಲ. ನಿಮ್ಮ ಹಣ ನಿಧಿಯಲ್ಲಿ ಇರುತ್ತದೆ, ಅದರ ಉತ್ಪನ್ನದಿಂದ ಮರಗಳ ಆರೈಕೆ. ಒಡೆತನ ಬೇಡವಾದರೆ ಹಣ ಹಿಂದೆ ಸಿಗುತ್ತದೆ. ಅಂದರೆ ದಾನ ಮಾಡುವುದು ಬರೇ ಬಡ್ಡಿಯನ್ನು! ಲೆಕ್ಕ ಚೆನ್ನಾಗಿದೆ. ಆದರೆ ಜಪಾನಿನಲ್ಲಿ ಬಡ್ಡಿ ದರ ಮುಂದೆ ವರ್ಷಗಟ್ಟಲೆ ಸೊನ್ನೆಯ ಹತ್ತಿರ ನಿಂತಿತು. ಬಡ್ಡಿಯನ್ನೇ ನಂಬಿದ ನಿಧಿಗೆ ಇದಕ್ಕಿಂತ ಕಷ್ಟ ಬೇರೆ ಇಲ್ಲ.

ಈ ಪ್ರಶ್ನೆ ನನಗೆ ದೂರದ್ದಲ್ಲ. ನಾನು ಕಲಿತ ಕನ್ನಡ ಶಾಲೆಯ ತರಗತಿಗಳು ಮಕ್ಕಳಿಲ್ಲವೆಂದು ಒಂದೊಂದಾಗಿ ನಿಂತವು. ಅಲ್ಲಿ ಯಾರೂ ಬೆಂಕಿ ಇಡಲಿಲ್ಲ, ಯಾರೂ ಆಜ್ಞೆ ಹೊರಡಿಸಲಿಲ್ಲ. ಬೆಂಕಿಯಾದರೆ ಇತಾಗಾಕಿಯಂಥವನೊಬ್ಬ ಬಂದು ತಡೆಯಬಹುದು. ಬಣ್ಣ ಉದುರುವುದನ್ನು ತಡೆಯಲು ಬರುವವರು ಬೇರೆ ತರಹದವರು: ವಂತಿಗೆ ಪುಸ್ತಕ ಹಿಡಿದು ಮನೆ ಮನೆ ಹತ್ತುವವರು. 5,68,000 ರ್‍ಯೋ ಕಟ್ಟಿಸಿದ್ದು 17 ತಿಂಗಳ ಕೆಲಸವನ್ನು. ಉಳಿದ ಸುಮಾರು ನಾನೂರು ವರ್ಷವನ್ನು ಉಳಿಸಿದ್ದು ದುರಸ್ತಿ ಖಾತೆ.

ಯಾರಿಗಾದರೂ ಜಪಾನಿಗೆ ಹೋಗುವ ಯೋಗ ಬಂದರೆ ಬೆಳಿಗ್ಗೆ ಬೇಗ ಹೋಗಿ, ಸ್ವೆಟರ್ ಒಯ್ಯಿರಿ, ಬೆಕ್ಕಿನ ಬಾಗಿಲು ದಾಟಿದ ಮೇಲೆ ಹಿಂದೆ ತಿರುಗಿ ಗುಬ್ಬಿಗಳನ್ನು ನೋಡಲು ಮರೆಯಬೇಡಿ. ನಮ್ಮ ಮಂಡಲದ ಈ ವರ್ಷದ ವಂತಿಗೆ ಐವತ್ತು ರೂಪಾಯಿ; ಕೊಡದವರು ಕಾರ್ಯದರ್ಶಿಯನ್ನು ಕಾಣಿರಿ.